ಓದುಗರ ಪ್ರಶ್ನೆ: ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ‘ಬ್ಲೂ’ ಕೇಳುವುದು ಹೇಗೆ?

ಪ್ರಶ್ನೆ: ಪ್ರೀತಿ ಮುರಿದ ನೋವಿನ ಆಲ್ಬಮ್‌ಗಳಲ್ಲಿ ‘ಬ್ಲೂ’ಗೆ ಸಾಟಿಯಿಲ್ಲ ಎನ್ನುತ್ತಾರೆ. ಫೋನಿನಲ್ಲಿ ಹಾಕಿ ಕೇಳಿದರೆ ದನಿ ಕೀರಲು, ಹಾಡುಗಳೆಲ್ಲ ಒಂದೇ ಥರ. ಕೇಳುವ ರೀತಿಯಲ್ಲಿ ತಪ್ಪಿದೆಯೇ? – ಓದುಗರು, ಧಾರವಾಡ

ಉತ್ತರ: ಮುಕ್ಕಾಲು ತಪ್ಪು ಫೋನಿನ ಸ್ಪೀಕರಿನದು. 1971ರ ಈ ಆಲ್ಬಮ್‌ನಲ್ಲಿ ವಾದ್ಯಗಳು ತೀರಾ ಕಡಿಮೆ. ಹಲವು ಹಾಡುಗಳಲ್ಲಿ ಮಿಚೆಲ್ ಅವರದೇ ಪಿಯಾನೊ ಅಥವಾ ಗಿಟಾರ್ ಬಿಟ್ಟರೆ ಬೇರೇನೂ ಇಲ್ಲ. ಪುಟ್ಟ ಸ್ಪೀಕರ್ ಮಂದ್ರ ಸ್ವರಗಳನ್ನು ನುಂಗಿಬಿಟ್ಟರೆ ತಾರಕ್ಕೇರುವ ದನಿಗೆ ಆಸರೆಯೇ ಇರುವುದಿಲ್ಲ, ಕೀರಲು ಅನ್ನಿಸುತ್ತದೆ. ಸಾಧಾರಣ ವೈರ್ ಇಯರ್‌ಫೋನ್ ಸಾಕು. ಮಂದ್ರವನ್ನು ಹೆಚ್ಚಿಸುವ ‘ಬಾಸ್ ಬೂಸ್ಟ್’ ಮಾತ್ರ ಬೇಡ, ದನಿ ಮಂಕಾಗುತ್ತದೆ.

ಆ್ಯಪ್‌ನಲ್ಲಿ ಶಫಲ್ ಮತ್ತು ಕ್ರಾಸ್‌ಫೇಡ್ ಎರಡನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ದರೆ ಪಿಯಾನೊದ ಕೊನೆಯ ಸ್ವರ ಆರುವ ಮುಂಚೆಯೇ ಮುಂದಿನ ಹಾಡು ಮೈಮೇಲೆ ಬೀಳುತ್ತದೆ. ಇದು ಎಲ್‌ಪಿ (ಎರಡು ಬದಿಯ ಗ್ರಾಮಫೋನ್ ತಟ್ಟೆ) ಕಾಲದ ಆಲ್ಬಮ್: ಒಂದು ಬದಿಗೆ 5 ಹಾಡು, ಒಟ್ಟು ಸುಮಾರು 36 ನಿಮಿಷ. ಐದನೆಯದಾದ ‘ಬ್ಲೂ’ ಮುಗಿದ ಮೇಲೆ ಪಾಝ್ ಒತ್ತಿ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಮುಂದುವರಿಸಿ. ಆ ಭಾರದ ಹಾಡಿನ ಬೆನ್ನಿಗೇ ‘ಕ್ಯಾಲಿಫೋರ್ನಿಯಾ’ ಶುರುವಾದರೆ ಎರಡೂ ಕೆಡುತ್ತವೆ.

‘ಒಂದೇ ಥರ’ ಎಂಬ ಅನಿಸಿಕೆ ಹೋಗಬೇಕಾದರೆ ‘ರಿವರ್’ ಹಾಡಿನ ಪಿಯಾನೊ ಒಂದನ್ನೇ ಗಮನಿಸಿ. ಶುರುವಾಗುವುದು ಎಲ್ಲರಿಗೂ ಗೊತ್ತಿರುವ ‘ಜಿಂಗಲ್ ಬೆಲ್ಸ್’ ಧಾಟಿಯಲ್ಲಿ. ಆದರೆ ಎಡಗೈಯ ಸ್ವರಗಳು ಅದನ್ನು ಬೇರೆ ಕಡೆಗೆ ಎಳೆಯುತ್ತವೆ, ಹಬ್ಬದ ಧಾಟಿಯೇ ಮಂಕಾಗುತ್ತದೆ. ಹಿಮ ಬೀಳದ ಊರಿನಲ್ಲಿ ಕೂತು, ಹೆಪ್ಪುಗಟ್ಟಿದ ನದಿಯ ಮೇಲೆ ಜಾರಿ ಎಲ್ಲಿಗಾದರೂ ಹೋಗಿಬಿಡಬೇಕೆಂದು ಹಂಬಲಿಸುವ ಕೆನಡಾದ ಹೆಣ್ಣಿನ ಹಾಡು ಇದು. ಮಾತು ಬಿಡಿಸಿ ಹೇಳದ್ದನ್ನು ಪಿಯಾನೊ ಹೇಳುತ್ತದೆ. ಸಾಹಿತ್ಯವನ್ನು ಎರಡನೇ ಸಲಕ್ಕೆ ಓದಿಕೊಳ್ಳಿ.

ಪ್ರಶ್ನೆ: ಇದೇ ಆಲ್ಬಮ್‌ನ ‘ಲಿಟಲ್ ಗ್ರೀನ್’ ಹಾಡು ಯಾವ ಪ್ರಿಯಕರನ ಬಗ್ಗೆ? – ಓದುಗರು, ಮೈಸೂರು

ಉತ್ತರ: ಪ್ರಿಯಕರನ ಬಗ್ಗೆ ಅಲ್ಲ. 1965ರಲ್ಲಿ ಹುಟ್ಟಿ, ದತ್ತು ಕೊಡಬೇಕಾಗಿ ಬಂದ ಮಿಚೆಲ್ ಅವರ ಮಗಳ ಬಗ್ಗೆ. ತಾಯಿ ಮಗಳು ಮತ್ತೆ ಭೇಟಿಯಾದದ್ದು 1997ರಲ್ಲಿ. ಹಾಗಾಗಿ ಇಡೀ ಆಲ್ಬಮ್ಮನ್ನು ಪ್ರಿಯಕರನಾಗಿದ್ದ ಗಾಯಕ ಗ್ರಹಾಂ ನ್ಯಾಶ್ ಜೊತೆಗಿನ ಅಗಲಿಕೆಗೆ ಕಟ್ಟಿಹಾಕುವುದು ಸರಿಯಲ್ಲ.

ಪ್ರಶ್ನೆ: ‘ಲಿಟಲ್ ಗ್ರೀನ್’ ಹಾಡನ್ನು ಗಿಟಾರಿನಲ್ಲಿ ನುಡಿಸಿದರೆ ಹೊಂದುವುದೇ ಇಲ್ಲ. ಏಕೆ? – ಓದುಗರು, ಬೆಂಗಳೂರು

ಉತ್ತರ: ನಿಮ್ಮದು ಮಾಮೂಲಿ ಶ್ರುತಿ, ಮಿಚೆಲ್ ಅವರದು ಓಪನ್ ಜಿ, ಅಂದರೆ ಬೆರಳಿಂದ ಒತ್ತದೆ ಮೀಟಿದರೂ ಜಿ ಸ್ವರಮೇಳ ಕೊಡುವ ಶ್ರುತಿ. ಒಂಬತ್ತನೇ ವಯಸ್ಸಿನಲ್ಲಿ ಬಂದ ಪೋಲಿಯೊದಿಂದ ಎಡಗೈ ಬಲ ಕುಗ್ಗಿತ್ತು, ಹಾಗಾಗಿ ಬೆರಳಿಗೆ ಸುಲಭವಾದ ಶ್ರುತಿಗಳನ್ನು ಅವರು ಹುಡುಕಿಕೊಂಡರು. 6, 5 ಮತ್ತು 1ನೇ ತಂತಿಗಳನ್ನು (6 ಅತಿ ದಪ್ಪದ್ದು, 1 ಅತಿ ತೆಳುವಿನದು) ಎರಡೆರಡು ಫ್ರೆಟ್‌ನಷ್ಟು ಇಳಿಸಿ. ದಪ್ಪ ತಂತಿಯಿಂದ ಎಣಿಸಿದರೆ ಡಿ, ಜಿ, ಡಿ, ಜಿ, ಬಿ, ಡಿ ಬರಬೇಕು. ಮೂರು ತಂತಿ ಸಡಿಲವಾದಾಗ ಕತ್ತಿನ ಮೇಲಿನ ಬಿಗಿ ಇಳಿದು ಉಳಿದವುಗಳ ಶ್ರುತಿ ತುಸು ಏರುತ್ತದೆ, ಆದ್ದರಿಂದ ಆರನ್ನೂ ಇನ್ನೊಮ್ಮೆ ನೋಡಿ. 10ರ ಗೇಜ್ (ತೆಳು ಅಳತೆಯ) ತಂತಿ ಹಾಕಿದ್ದರೆ ದಪ್ಪ ತಂತಿ ಫ್ರೆಟ್‌ಗೆ ಬಡಿದು ಗರಗರ ಅನ್ನಬಹುದು, 12ರದು ಹಾಕಿಸಿ. ಆಲ್ಬಮ್ ಜೊತೆಗೇ ನುಡಿಸುವುದಾದರೆ ಕೇಪೋವನ್ನು (ತಂತಿಗಳನ್ನೆಲ್ಲ ಒಟ್ಟಿಗೆ ಅದುಮುವ ಕ್ಲಿಪ್) 4ನೇ ಫ್ರೆಟ್‌ನಲ್ಲಿಟ್ಟು ಕಿವಿಗೆ ಹೊಂದಿಸಿಕೊಳ್ಳಿ.