ಫೋನ್ ಚಾಲೂ ಇದ್ದಾಗ ಮಾತ್ರ ‘ಅವ್ವಾ’

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯದಿರುವುದೇ ವಾಸಿ.

ಬಾಗಲಕೋಟೆಯ ನವನಗರದ ಮನೆ. ಅತ್ತೆ, ಸೊಸೆ, ಮಗ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲಾ ಎಂದು ಕೇಳಿದಾಗ ಅತ್ತೆ-ಸೊಸೆ ಇಬ್ಬರೂ ಒಪ್ಪಿದರು. ರೊಟ್ಟಿಯನ್ನು ಮಾತ್ರ ಬದಲಿಸಿಲ್ಲ. ರೊಟ್ಟಿ ಬಡಿಯುವ ವಿಡಿಯೋ ಈಗ ನಮ್ಮ ಕಡೆ ಓಣಿಗೊಂದು ಇವೆ. ಅದೊಂದರಿಂದ ಯಾರ ಮನೆಯೂ ಗೊತ್ತಾಗುವುದಿಲ್ಲ.

ನಾನು ಆಪ್ತಸಮಾಲೋಚಕಿ. ಇಂಥ ಮನೆಯವರು ನನ್ನ ಹತ್ತಿರ ಬಂದದ್ದು ಇದೇ ಮೊದಲಲ್ಲ. ಹಿಂದೆ ಬರುವವರು ‘ಫೋನ್ ನೋಡಿ ನೋಡಿ ಹುಡುಗ ಕೆಟ್ಟ’ ಅನ್ನುತ್ತಿದ್ದರು. ಈಗಿನ ದೂರು ಬೇರೆ. ಫೋನಿನೊಳಗೆ ಅವರೇ ಇರುತ್ತಾರೆ.

ಇಬ್ಬರನ್ನೂ ಕರೆದುಕೊಂಡು ಬಂದವನು ಮಗ. ಪಿಗ್ಮಿ ವಸೂಲಿಯ ಕೆಲಸ. ದಿನಾ ಸಂಜೆ ಅಂಗಡಿ ಅಂಗಡಿ ತಿರುಗುತ್ತಾನೆ. ಕೂರುವ ಮೊದಲೇ ಹೇಳಿದ, “ಮೇಡಮ್, ಈ ವಿಡಿಯೋ ಒಂದು ಬಂದ್ ಮಾಡಿಸ್ರಿ. ಮಂದಿ ರೊಕ್ಕ ಕೊಡೂದು ಬಿಟ್ಟು ನಮ್ಮವ್ವನ ಸುದ್ದಿ ತಗೀತಾರ.”

ಚಾನೆಲ್ ಶುರುವಾದದ್ದು ಸರಳವಾಗಿಯೇ. ಅತ್ತೆಯ ಕೈ ರೊಟ್ಟಿ ಅಂದರೆ ನೆಂಟರಲ್ಲೆಲ್ಲ ಹೆಸರು. ಸೊಸೆ ಒಂದು ದಿನ ಫೋನ್ ಹಿಡಿದಳು. ಕುದಿಯುವ ನೀರಿಗೆ ಹಿಟ್ಟು ಹಾಕುವುದು, ನಾದುವುದು, ಬಡಿಯುವುದು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು. ಆಮೇಲೆ ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಯೂಟ್ಯೂಬಿನ ಲೆಕ್ಕವೆಲ್ಲ ಸೊಸೆಗೆ ಬಾಯಿಪಾಠ. ಜಾಹೀರಾತಿನ ಹಣ ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಬೇಕು, ಒಂದು ವರ್ಷದಲ್ಲಿ ಜನ 4000 ಗಂಟೆ ನೋಡಿರಬೇಕು. ಖಾತೆಯಲ್ಲಿ 10 ಡಾಲರ್ ಕೂಡಿದರೆ ವಿಳಾಸ ಖಾತ್ರಿ ಮಾಡಿಕೊಳ್ಳಲು ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ತುಂಬಿದ ಮೇಲೆ ಹಣ. ಆ ಪಿನ್ ಕಾಗದವನ್ನು ಅವಳು ಇನ್ನೂ ಮಡಚಿ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ. ತೋರಿಸಿದಳು. ಅವಳ ಹೆಸರಿಗೆ ಅಂಚೆಯವನು ಕಾಗದ ತಂದುಕೊಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲಂತೆ. ನನಗೆ ಅದು ಮುಖ್ಯ ಅನಿಸಿತು.

ರೊಟ್ಟಿಯ ವಿಡಿಯೋ ಒಂದು ಮಟ್ಟಕ್ಕೆ ಹೋಗಿ ನಿಂತಿತು. ಆಗ ಸೊಸೆ ಅತ್ತೆ-ಸೊಸೆ ಜಗಳದ ಸಣ್ಣ ಸಣ್ಣ ವಿಡಿಯೋ ಮಾಡಿದಳು. ಎಲ್ಲರೂ ಅದನ್ನೇ ಮಾಡುತ್ತಿದ್ದರಲ್ಲ. ಹೇಳಬೇಕಾದ ಮಾತನ್ನು ಅವಳೇ ಹೇಳಿಕೊಡುವಳು, ಅತ್ತೆ ಹಾಗೇ ಹೇಳುವರು. ಅವು ಓಡಿದವು. ರೊಟ್ಟಿ ನೋಡಿದವರ ಹತ್ತು ಪಟ್ಟು ಜನ ಜಗಳ ನೋಡಿದರು.

ಒಂದು ದಿನ ನಾಲ್ಕನೇ ಇಯತ್ತೆಯ ಮೊಮ್ಮಗ ಕಾಮೆಂಟ್ ಓದಿ ಹೇಳಿದ. ಅಜ್ಜಿಗೆ ಓದು ಬರುವುದಿಲ್ಲ. ಇವನಿಗೆ ಆಗಷ್ಟೇ ಸರಾಗವಾಗಿ ಓದಲು ಬಂದಿದೆ, ಹುರುಪಿನಿಂದ ಎಲ್ಲ ಓದಿದ. “ಅಜ್ಜೀ, ಇವರು ನಿನಗ ರಾಕ್ಷಸಿ ಅಂದಾರ.” ಮುಂದಿನ ಸೋಮವಾರದಿಂದ ಆ ತಾಯಿ ಗುಡಿಗೆ ಹೋಗುವುದನ್ನು ಬಿಟ್ಟರು. ಊಟ ಕಡಿಮೆಯಾಯಿತು. ಕೇಳಿದರೆ ‘ಹಸಿವಿಲ್ಲ’.

ಈಗ ನನ್ನ ತಪ್ಪು. ಮೊದಲ ದಿನ, ಯಾವ ವಿಡಿಯೋ ಅಂತ ತಿಳಿಯಲಿ ಎಂದು ಸೊಸೆಯ ಫೋನ್ ಇಸಿದುಕೊಂಡು ನೋಡಿದೆ. ಸೊಸೆ ಒಂದು ಕಡಕ್ ರೊಟ್ಟಿ ತಂದಿಡುತ್ತಾಳೆ. ಅತ್ತೆ ಅದನ್ನು ತಾಟಿಗೆ ಬಡಿದು ಟಣ್ ಅನ್ನಿಸಿ, “ಇದನ್ನ ತಿನ್ನಾಕ ಹಲ್ಲು ಸಾಲಂಗಿಲ್ಲ, ಸುತ್ತಿಗಿ ತಗೊಂಡ್ ಬಾ” ಅನ್ನುತ್ತಾರೆ. ಆ ಮುಖ, ಆ ಟಣ್. ನಾನು ನಕ್ಕುಬಿಟ್ಟೆ. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ತಡವಾಗಿತ್ತು.

ಎದುರಿಗೆ ಕೂತಿದ್ದ ತಾಯಿ ನನ್ನನ್ನೇ ನೋಡುತ್ತಿದ್ದರು. “ನೀವೂ ನಕ್ರಿ ಅಕ್ಕಾರ” ಅಂದರು. ಸಿಟ್ಟಿನಿಂದಲ್ಲ. ಲೆಕ್ಕಕ್ಕೆ ಇನ್ನೊಬ್ಬರನ್ನು ಸೇರಿಸಿಕೊಂಡ ಹಾಗೆ.

ಕ್ಷಮೆ ಕೇಳಿದೆ. “ಇರಲಿ ಬಿಡ್ರಿ, ನಗೂದ ಐತಿ ಅದು” ಅಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಆಗಲೇ ಬರೆದಿಟ್ಟುಕೊಂಡೆ. “ಹೋಳ್ಯಾಗ ಸೋಗು ಹಾಕ್ತಾರಲ್ರೀ, ಬಂಡ್ಯಾಗ ಕುಂದ್ರಸಿ ಊರ ತುಂಬ ತಿರಗಸ್ತಾರ. ಮಂದಿ ನಗ್ತಾರ. ಮರುದಿನ ಜಳಕ ಮಾಡಿದ್ರ ಬಣ್ಣ ಹೋಕ್ಕೈತಿ. ಇದು ಎಷ್ಟ್ ತೊಳದ್ರೂ ಹೋಗವಲ್ದು.”

ಬಾಗಲಕೋಟೆಯ ಹೋಳಿಯ ಸೋಗಿನ ಬಂಡಿ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬಂಡಿಯ ಮೇಲೆ ಹೆಣ್ಣಿನ ವೇಷ ಹಾಕಿದವನು ಮರುದಿನ ಅಂಗಡಿ ಬಾಗಿಲು ತೆಗೆಯುವ ಗಂಡಸೇ ಎಂದು ನೋಡುವ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ವಿಡಿಯೋ ನೋಡುವವರಿಗೆ ಆ ಮರುದಿನ ಕಾಣಿಸುವುದಿಲ್ಲ.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಏನನಿಸುತ್ತದೆ? ಬಂದ್ ಮಾಡಿಸಬೇಕು ಅನಿಸುತ್ತದೆ. ನನಗೂ ಅನಿಸಿತ್ತು. ಎರಡನೇ ಸಲ ಬಂದಾಗ ಆ ಮಾತನ್ನೇ ಎತ್ತಿದೆ. ಮಗನ ಮುಖ ಅರಳಿತು. ಸೊಸೆ ತಲೆ ತಗ್ಗಿಸಿ ಪರ್ಸಿನ ಜಿಪ್ ಎಳೆಯುತ್ತ ಕೂತಳು. ನಾನು ಅತ್ತೆಯ ಕಡೆ ತಿರುಗಿ, “ಅವ್ವಾರ, ನೀವು ಹೇಳ್ರಿ. ಬಂದ್ ಮಾಡಿದ್ರ ನಿಮಗ ಸಮಾಧಾನ ಆಕ್ಕೈತೇನು?” ಅಂದೆ. ಉತ್ತರ ನನಗೆ ಗೊತ್ತೇ ಇದೆ ಅಂದುಕೊಂಡು ಕೇಳಿದ ಪ್ರಶ್ನೆ ಅದು. ಸುಮ್ನೆ ಒಪ್ಪಿಗೆಗೆ ಕೇಳಿದ್ದು.

“ಬ್ಯಾಡ್ರಿ” ಅಂದರು.

ಮಗ, “ಯವ್ವಾ, ನೀನೇ ಅಳ್ತಿದ್ದೆಲ್ಲ?” ಅಂದ.

“ಬ್ಯಾಡ. ಅದು ಬಂದ್ ಆದ್ರ ಆಕಿ ನನಗ ಅವ್ವಾ ಅನ್ನೂದೂ ಬಂದ್ ಆಕ್ಕೈತಿ.”

ಸೊಸೆ ತಲೆ ಎತ್ತಿದಳು. ಜಿಪ್ಪಿನ ಸದ್ದು ನಿಂತಿತು.

“ಫೋನ್ ಚಾಲೂ ಇದ್ದಾಗ ಅವ್ವಾ ಅಂತಾಳ್ರಿ. ಅವ್ವಾ ಉಪ್ಪು ನೋಡ್ರಿ, ಅವ್ವಾ ಹಿಟ್ಟು ಸಾಕೇನ್ರಿ, ಹಿಂಗ. ಫೋನ್ ತಗದಿಟ್ಟಳಂದ್ರ ಏನೂ ಅನ್ನಂಗಿಲ್ಲ. ‘ಊಟಕ್ಕ ಬರ್ರಿ’ ಅಂತಾಳ. ಯಾರಿಗಂದಳು ಅಂತ ಗ್ವಾಡಿನ ಕೇಳಬೇಕು.”

ಸೊಸೆ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಅವಸರ ಮಾಡಲಿಲ್ಲ. ಹೊರಗೆ ಯಾರದೋ ಟಂಟಂ ಹಾರ್ನ್ ಹೊಡೆಯುತ್ತಿತ್ತು. ಆಮೇಲೆ ಅಂದಳು, “ನನಗ ಗೊತ್ತಾಗಿಲ್ರಿ ಮೇಡಮ್. ಅವ್ವಾ ಅಂದ್ರ ನೋಡೋರಿಗೆ ಚೊಲೋ ಅನಸ್ತೈತಿ ಅಂತ ಅಂತಿದ್ದೆ. ಇವ್ರು ಅದನ್ನ ಖರೇ ಅಂತ ತಗೊಂಡಾರ ಅಂತ ಗೊತ್ತಾಗಿಲ್ಲ.” ಸ್ವಲ್ಪ ತಡೆದು, “ವಿಡಿಯೋದಾಗ ಇವ್ರು ಬೈದ್ರ ಅದು ನಾಟಕ ಅಂತ ನನಗ ಗೊತ್ತಿರ್ತೈತಿ. ಹಂಗಾಗಿ ಬ್ಯಾಸರ ಆಗಂಗಿಲ್ಲ. ದಿನಾ ಬೈಯೂದು ನಾಟಕ ಅಲ್ಲಲ್ರೀ” ಅಂದಳು.

ಮೂವರಲ್ಲಿ ಇಬ್ಬರಿಗೆ ಆ ಫೋನ್ ಬೇಕಾಗಿತ್ತು. ಅದು ಎದುರಿಗಿದ್ದಾಗ ಮಾತ್ರ ಅವರು ಒಬ್ಬರಿಗೊಬ್ಬರು ನೆಟ್ಟಗೆ ಮಾತಾಡುತ್ತಿದ್ದರು. ಫೋನ್ ಈ ಮನೆಯನ್ನು ಕೆಡಿಸಿತು ಅಂತ ಮಗ ಹೇಳಿದ್ದ. ಮನೆ ಅದಕ್ಕೂ ಮೊದಲೇ ಮೂಕಾಗಿತ್ತು. ಅತ್ತೆ ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರು ಬಂತು, ಓಣಿ ಹೋಯಿತು, ನವನಗರದ ಸೆಕ್ಟರಿನಲ್ಲಿ ಜಾಗ ಸಿಕ್ಕಿತು. ಹಳೇ ಓಣಿಯಲ್ಲಿ ಸಂಜೆ ಕಟ್ಟೆಗೆ ಕೂತರೆ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ಕಾಂಪೌಂಡು, ಗೇಟು. ವಿಡಿಯೋ ನೋಡಿದ ಜನ ‘ಅಜ್ಜಿ ಆರಾಮ?’ ಎಂದು ಬರೆದಾಗ ಅದನ್ನೂ ಮೊಮ್ಮಗನೇ ಓದಿ ಹೇಳುತ್ತಿದ್ದನಂತೆ. ಅದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ದೂರು ಹೇಳಲು ಬಂದವರು ಸಿಹಿ ಸುದ್ದಿ ಬಿಟ್ಟೇ ಹೇಳುತ್ತಾರೆ.

ನಾನು ಕೊಟ್ಟ ಸಲಹೆ ಇದು. ಚಾನೆಲ್ ಇರಲಿ. ಜಗಳದ ವಿಡಿಯೋ ಬೇಡ, ಹಾಕಿದ್ದನ್ನು ತೆಗೆಯಿರಿ. ಯಾವುದೇ ವಿಡಿಯೋ ಹಾಕುವ ಮೊದಲು ಅತ್ತೆಗೆ ಪೂರ್ತಿ ತೋರಿಸಬೇಕು, ಅವರು ಬೇಡ ಅಂದರೆ ಬೇಡ. ಕಾಮೆಂಟ್ ಆಫ್ ಮಾಡಲು ಬರುತ್ತದೆ, ಪರಿಶೀಲಿಸಿದ ಮೇಲೆ ಕಾಣುವ ಹಾಗೂ ಇಡಬಹುದು. ಎರಡರಲ್ಲಿ ಒಂದು ಮಾಡಿ. ಮಗುವಿನ ಕೈಯಲ್ಲಂತೂ ಓದಿಸಬೇಡಿ. ಬಂದ ಹಣದಲ್ಲಿ ಅರ್ಧ ಅತ್ತೆಯ ಹೆಸರಿನ ಖಾತೆಗೆ ಹೋಗಬೇಕು.

ಹಣದ ಮಾತಿಗೆ ಮಗ ಎಗರಿದ. “ಮನ್ಯಾಗಿನವರಿಗೆ ಪಗಾರ ಏನ್ರಿ?” ಪಗಾರ ಅಲ್ಲಪ್ಪ, ಪಾಲು ಅಂದೆ. ಆ ಮುಖ, ಆ ಕೈ, ಆ ರೊಟ್ಟಿ ಅವರದು. ಫೋನ್ ಹಿಡಿಯುವ ಕೆಲಸವೂ ಕೆಲಸವೇ, ಅದು ಸೊಸೆಯದು. ನಿನ್ನ ಪಾಲು ಇದರಲ್ಲಿ ಎಲ್ಲಿದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಒಪ್ಪಿಗೆ ಅಂದರೆ ಒಂದು ಸಲ ‘ಹೂಂ’ ಅಂದದ್ದಲ್ಲ. ಓದು ಬರದ, ಫೋನ್ ಬಳಸದ ಹಿರಿಯರಿಗೆ ತಾವು ಯಾವುದಕ್ಕೆ ಹೂಂ ಅಂದೆವು ಅನ್ನುವುದೇ ಗೊತ್ತಿರುವುದಿಲ್ಲ. ಅಡುಗೆಮನೆಯಲ್ಲಿ ಸೊಸೆ ಎದುರಿಗೆ ಆಡಿದ ಮಾತು ಅಂದುಕೊಂಡಿರುತ್ತಾರೆ. ಇದನ್ನು ಓದುವ ನಿಮ್ಮಲ್ಲಿ ಅಜ್ಜ-ಅಜ್ಜಿಯ ವಿಡಿಯೋ ಮಾಡುವವರು ಇದ್ದರೆ, ಕೆಳಗೆ ಬಂದ ಕಾಮೆಂಟುಗಳನ್ನು ಒಮ್ಮೆ ಅವರ ಪರವಾಗಿ ಓದಿ ನೋಡಿ. ಅವರ ಹೊಟ್ಟೆಯಲ್ಲಿ ಕೂತು ಓದಿ.

ಒಬ್ಬ ಹಿರಿಯ ಸಹೋದ್ಯೋಗಿ ನನ್ನ ಸಲಹೆಯನ್ನು ಒಪ್ಪಲಿಲ್ಲ. ಮನಸ್ಸಿಗೆ ಪೆಟ್ಟಾದವರನ್ನು ಅದೇ ಜಾಗಕ್ಕೆ ಮತ್ತೆ ಕಳಿಸಿದಿಯಲ್ಲ, ಮೊದಲು ಪೂರ್ತಿ ನಿಲ್ಲಿಸಬೇಕಿತ್ತು ಅಂದರು. ಅವರ ಮಾತು ಸುಳ್ಳಲ್ಲ. ನಾನೂ ಊಟ, ನಿದ್ದೆ ಸುಧಾರಿಸುವವರೆಗೆ ಮೂರು ವಾರ ಏನೂ ಹಾಕಬೇಡಿ ಎಂದೇ ಹೇಳಿದ್ದೆ. ಸುಧಾರಿಸದಿದ್ದರೆ ಮನೋವೈದ್ಯರಿಗೆ ತೋರಿಸಬೇಕು ಎಂದೂ ಹೇಳಿದ್ದೆ. ಆದರೆ ಪೂರ್ತಿ ನಿಲ್ಲಿಸು ಅನ್ನುವ ಸಲಹೆಯ ಮೇಲೆ ನನಗೆ ನಂಬಿಕೆ ಕಡಿಮೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ದೇಶದಲ್ಲೆಲ್ಲ ಒಂದೇ ಏಟಿಗೆ. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂತು. ವಿಡಿಯೋ ಮಾಡುತ್ತಿದ್ದವರು ಚಾಪೆ ಸುತ್ತಿಕೊಂಡು ಪಕ್ಕದ ಮನೆಗೆ ಹೋದರು, ಅಷ್ಟೇ.

ಹಾಗಂತ ಫೋನು ಬರೀ ಚಾಕು ಇದ್ದ ಹಾಗೆ, ಬಳಸುವವರ ಮೇಲೆ ಹೋಗುತ್ತದೆ ಅನ್ನುವವಳೂ ನಾನಲ್ಲ. ಚಾಕು ತಾನಾಗಿ ನಿಮ್ಮ ಕೈ ಹಿಡಿದು ಎಳೆಯುವುದಿಲ್ಲ. ಇದು ಎಳೆಯುತ್ತದೆ. ಜನ ಎಷ್ಟು ಹೊತ್ತು ನಿಂತು ನೋಡಿದರು ಎಂದು ಲೆಕ್ಕ ಇಡುತ್ತದೆ, ನಿಂತು ನೋಡಿದ್ದನ್ನು ಇನ್ನಷ್ಟು ಜನರ ಮುಂದೆ ಹಿಡಿಯುತ್ತದೆ. ಸಂತೆಯಲ್ಲಿ ಜಗಳ ಆದರೆ ನಾವೆಲ್ಲ ನಿಲ್ಲುತ್ತೇವೆ ಅಲ್ವಾ, ಹಾಗೇ ಇಲ್ಲೂ ನಿಲ್ಲುತ್ತೇವೆ. ಮಾಡಿದವಳಿಗೆ ಮರುದಿನ ಗ್ರಾಫ್ ಕಾಣಿಸುತ್ತದೆ. ರೊಟ್ಟಿಗೆ ಸಣ್ಣ ಗೆರೆ, ಬೈಗುಳಕ್ಕೆ ಗುಡ್ಡದಷ್ಟು ಗೆರೆ. ಸೊಸೆ ಕೆಟ್ಟವಳಾಗಿ ಈ ದಾರಿ ಹಿಡಿದದ್ದಲ್ಲ. ಗೆರೆಯ ಹಿಂದೆ ಹೋದಳು. ನಕ್ಕ ನಾನೂ ಆ ಗೆರೆಗೆ ಒಂದು ಕೂದಲೆಳೆ ಸೇರಿಸಿದ್ದೇನೆ.

ಒಂದು ಸಲಹೆಯನ್ನು ಬೇಕೆಂತಲೇ ಕೊಡಲಿಲ್ಲ. ‘ಮನೆಯಲ್ಲೂ ಅವ್ವಾ ಅನ್ನು’ ಎಂದು ಸೊಸೆಗೆ ಹೇಳಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹೇಳಿದ್ದರೆ ಅವಳು ಅನ್ನುತ್ತಿದ್ದಳು, ಅನುಮಾನವಿಲ್ಲ. ಆದರೆ ಅದೂ ಹೇಳಿಕೊಟ್ಟ ಮಾತೇ ಆಗುತ್ತಿತ್ತು. ಅವಳು ಅತ್ತೆಗೆ ಮಾತು ಹೇಳಿಕೊಡುತ್ತಿದ್ದಳು, ನಾನು ಅವಳಿಗೆ ಹೇಳಿಕೊಟ್ಟ ಹಾಗಾಗುತ್ತಿತ್ತು. ಕೇಳಿದ್ದು ಇಷ್ಟೇ: ವಾರಕ್ಕೆ ಎರಡು ದಿನ ಸೊಸೆ ರೊಟ್ಟಿ ಬಡಿಯಲಿ, ಅತ್ತೆ ಪಕ್ಕದಲ್ಲಿ ಕೂತು ಕಲಿಸಲಿ. ಮನೆಯಲ್ಲಿ ರೊಟ್ಟಿಯ ಚಾನೆಲ್ ಇದೆ, ಸೊಸೆಗೆ ಮಾತ್ರ ರೊಟ್ಟಿ ಸರಿಯಾಗಿ ಬಡಿಯಲು ಬರುವುದಿಲ್ಲ! ಇದನ್ನು ಮಗನೇ ನಗುತ್ತ ಹೇಳಿದ್ದ.

ಎರಡು ತಿಂಗಳ ಮೇಲೆ ಬಂದರು. ನೋಡುವವರು ಕಡಿಮೆಯಾಗಿದ್ದಾರೆ, ಹಣವೂ ಇಳಿದಿದೆ. ಬಂದ್ ಮಾಡಿಸಿ ಎಂದು ಬಂದಿದ್ದ ಮಗನಿಗೇ ಈಗ ಅದರ ಚಿಂತೆ ಜಾಸ್ತಿ. ಜಗಳದ ವಿಡಿಯೋ ತೆಗೆದರೂ ಯಾರೋ ಇಳಿಸಿಕೊಂಡಿದ್ದನ್ನು ಮತ್ತೆಲ್ಲೋ ಹಾಕಿದ್ದಾರೆ. ಸೊಸೆ ದೂರು ಕೊಟ್ಟು ಒಂದನ್ನು ತೆಗೆಸಿದ್ದಾಳೆ, ಒಂದು ಇನ್ನೂ ಇದೆ. ಅತ್ತೆ ಸೋಮವಾರ ಗುಡಿಗೆ ಹೋಗುತ್ತಿದ್ದಾರೆ, ಆದರೆ ಮೊದಲಿನ ದಾರಿ ಬಿಟ್ಟು ಹಿಂದಿನ ರಸ್ತೆ ಹಿಡಿದು.

ಹೊರಡುವಾಗ ಆ ತಾಯಿ ಸೊಸೆಯ ಕೈಯಿಂದ ಫೋನ್ ಇಸಿದುಕೊಂಡರು. ಬೆರಳಿನಿಂದ ಒತ್ತಿ ಒತ್ತಿ ಒಂದು ವಿಡಿಯೋ ಹುಡುಕಿ ನನ್ನ ಮುಂದೆ ಹಿಡಿದರು. ತಾವೇ ತೆಗೆದದ್ದಂತೆ. ಅರ್ಧ ಹೊತ್ತು ಬರೀ ನೆಲ ಕಾಣುತ್ತದೆ, ಅವರ ಹೆಬ್ಬೆರಳು ಕಾಣುತ್ತದೆ. ಆಮೇಲೆ ಸೊಸೆ. ಮುಖದ ಮೇಲೆಲ್ಲ ಹಿಟ್ಟು. ರೊಟ್ಟಿ ಬಡಿಯುತ್ತ ಬಡಿಯುತ್ತ ಅಂಚು ಸೀಳುತ್ತಿದೆ. ಹಿಂದಿನಿಂದ ದನಿ, “ಸಾವಕಾಶ, ಸಾವಕಾಶ. ಅಂಗೈಲೆ ಅಲ್ಲ, ಬಳ್ಳಲೆ.” ಸೊಸೆ ತಲೆ ಎತ್ತದೆ, “ತಡೀರಿ ಅತ್ತಿ, ಕಲಸಬ್ಯಾಡ್ರಿ ನನಗ” ಎಂದು ಸಿಡುಕುತ್ತಾಳೆ.

ಅವ್ವಾ ಅಲ್ಲ, ಅತ್ತಿ. ನಾನು ಈ ಸಲ ನಗಲಿಲ್ಲ. ಅವರೇ ನಕ್ಕರು.

“ಇದನ್ನ ಯಾವಾಗ ಹಾಕ್ತೀರಿ ಅವ್ವಾರ?” ಅಂದೆ.

“ಹಾಕೂದಲ್ರಿ ಇದು” ಅಂದರು, ಫೋನನ್ನು ಸೆರಗಿನಿಂದ ಒರೆಸುತ್ತ. “ಇದು ಮನೀದು.”