ಎಚೆವೆರಿಯಾ: ಊರೂರಿಗೊಂದು ಹೊಸಮನೆ

ಪ್ರಶ್ನೆ: ಮೆಕ್ಸಿಕೊದ ಅಧ್ಯಕ್ಷರಾಗಿದ್ದ ಲೂಯಿಸ್ ಎಚೆವೆರಿಯಾ, ಅರ್ಜೆಂಟೀನಾದ ಕವಿ ಎಸ್ತೆಬಾನ್ ಎಚೆವೆರಿಯಾ ಒಂದೇ ಮನೆತನದವರೇ? ಈ ಅಡ್ಡಹೆಸರಿನ ಅರ್ಥವೇನು? ಇದರ ಮೂಲ ಹುಡುಕುವುದು ಹೇಗೆ?
– ಓದುಗರು, ಕುಮಟಾ

ಉತ್ತರ: ಅಡ್ಡಹೆಸರು ಒಂದೇ ಎಂದಮಾತ್ರಕ್ಕೆ ನೆಂಟಸ್ತಿಕೆ ಹೇಳಲಾಗದು. ಹೆಸರು ಬಾಸ್ಕ್ ಭಾಷೆಯದು; ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನ ನುಡಿ ಅದು. ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸದು, ಕೊನೆಯ ‘ಆ’ ಗೊತ್ತಾದ ಒಂದನ್ನೇ ತೋರಿಸುವ ಪ್ರತ್ಯಯ. ಸ್ಪ್ಯಾನಿಷ್ ಅಡ್ಡಹೆಸರು ರೊಡ್ರಿಗೆಸ್ ಎಂದರೆ ರೊಡ್ರಿಗೋನ ಮಗ. ಅಲ್ಲಿ ಅಪ್ಪನ ಹೆಸರು ನಿಂತಿತು. ಬಾಸ್ಕ್ ನಾಡಿನಲ್ಲಿ ಹೆಚ್ಚಾಗಿ ನಿಂತದ್ದು ಮನೆಯ ಹೆಸರು. ಹೊಸಬರು ಬಂದು ಆ ಮನೆಯಲ್ಲಿ ನೆಲೆಸಿದರೆ ಅದರ ಹೆಸರೇ ಅವರಿಗೂ ಅಂಟುತ್ತಿತ್ತು. ಹೊಸಮನೆ ಎಂಬ ಮನೆ ಒಂದೇ ಊರಿನಲ್ಲಿರಲಿಲ್ಲವಲ್ಲ!

ಇದೇ ಮೂಲದ ಇನ್ನೊಂದು ಹೆಸರು ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು: ಕ್ಸೇವಿಯರ್. ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಆ ಸಂತ ಫ್ರಾನ್ಸಿಸ್ 1506ರಲ್ಲಿ ಹುಟ್ಟಿದ್ದು ಈಗ ಸ್ಪೇನಿನಲ್ಲಿರುವ ನವಾರ ಪ್ರಾಂತದ ಹಾವಿಯೆರ್ (ಕ್ಸೇವಿಯರ್) ಕೋಟೆಯಲ್ಲಿ. ಅಪ್ಪ ಹುವಾನ್ ದೆ ಹಾಸ್ಸೊ, ಅಮ್ಮ ಮರೀಯ ದೆ ಅಸ್ಪಿಲಿಕ್ವೆಟಾ. ಮಗ ಲೋಕಕ್ಕೆ ಪರಿಚಿತನಾದದ್ದು ಇಬ್ಬರ ಹೆಸರಿನಿಂದಲೂ ಅಲ್ಲ, ಕೋಟೆಯ ಹೆಸರಿನಿಂದ.

ಹುಡುಕಾಟ ಶುರುಮಾಡುವ ಮೊದಲು ಕಾಗುಣಿತಗಳನ್ನೆಲ್ಲ ಬರೆದಿಟ್ಟುಕೊಳ್ಳಿ: ಎಚೆವೆರಿಯಾ, ಎಚೆವರಿಯಾ, ಎಚೆವೆರಿ, ಚವರಿಯಾ, ಫ್ರಾನ್ಸ್ ಕಡೆಯ ಎಚೆವೆರ್ರಿ. ಸ್ಪ್ಯಾನಿಷ್ ಉಚ್ಚಾರದಲ್ಲಿ ‘ಬಿ’, ‘ವಿ’ ಎರಡೂ ಒಂದೇ ಆದ್ದರಿಂದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಒಂದೇ ರೂಪ ಹಿಡಿದು ಹೊರಟವರಿಗೆ ಅಜ್ಜನ ದಾಖಲೆ ಕಣ್ತಪ್ಪುವುದು ಹೀಗೆಯೇ.

ಆಮೇಲೆ ವಲಸೆ ಹೋದವರ ಹುಟ್ಟೂರು ಗೊತ್ತಾಗಲೇಬೇಕು. ಸ್ಪೇನಿನ ಜನನ ದಾಖಲೆಗಳು ಊರುವಾರು ಇರುವುದರಿಂದ ‘ಬಾಸ್ಕ್ ಕಡೆಯವರು’ ಎಂಬಷ್ಟೇ ಮಾಹಿತಿಯಿಂದ ಕೆಲಸವಾಗದು. ಹೋದ ದೇಶದ ಮದುವೆ, ಮರಣ ದಾಖಲೆಗಳಲ್ಲಿ ಊರು ಸಿಗುವ ಸಾಧ್ಯತೆ ಇರುತ್ತದೆ. ಊರು ಸಿಕ್ಕಿತೆಂದರೆ, 1871ರಿಂದ ಈಚಿನದಕ್ಕೆ ಸರ್ಕಾರಿ ನೋಂದಣಿ ಕಚೇರಿ, ಹಿಂದಿನದಕ್ಕೆ ಚರ್ಚಿನ ಜ್ಞಾನಸ್ನಾನದ ಪುಸ್ತಕ. ಸರ್ಕಾರಿ ಜನನ ದಾಖಲೆಯಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ಅಜ್ಜ-ಅಜ್ಜಿಯರ ಹೆಸರು, ಊರು ಇರುತ್ತವೆ. ಒಂದೇ ಹಾಳೆಯಲ್ಲಿ ಮೂರು ತಲೆಮಾರು ಸಿಕ್ಕಂತೆ. ಸ್ಪೇನಿನಲ್ಲಿ ಹೆಣ್ಣುಮಕ್ಕಳು ಮದುವೆಯಾದರೂ ಹೆಸರು ಬದಲಿಸುವುದಿಲ್ಲ. ತಾಯಿಯ ಅಡ್ಡಹೆಸರೂ ಮಗುವಿಗೆ ಬರುವುದರಿಂದ ಎರಡನ್ನೂ ಹಿಡಿದು ಹುಡುಕಿ. ಎಚೆವೆರಿಯಾ ಎಂಬ ಒಂದನ್ನೇ ಹಾಕಿದರೆ ರಾಶಿಗಟ್ಟಲೆ ಬೇರೆಯವರು ಬರುತ್ತಾರೆ.

‘ಎಚೆವೆರಿಯಾ ವಂಶದ ಲಾಂಛನ’ ಎಂದು ಮಾರುವ ಚಿತ್ರಪಟಕ್ಕೆ ದುಡ್ಡು ಕೊಡಬೇಡಿ. ಲಾಂಛನ ಸಿಕ್ಕಿದ್ದು ಯಾವುದೋ ಒಂದು ಮನೆತನಕ್ಕೆ, ಆ ಹೆಸರಿನವರೆಲ್ಲರಿಗೂ ಅಲ್ಲ.