‘ಸ್ಲೀಪರ್’ ಸಪ್ಪೆಯಲ್ಲ

ರಾಕ್ ಗಾಯಕ ಟೈ ಸೆಗಾಲ್ ಅವರ ಅಬ್ಬರಕ್ಕೆ ಒಗ್ಗಿದ ಕಿವಿಗೆ ಅವರ ‘ಸ್ಲೀಪರ್’ ಆಲ್ಬಂ ಸಪ್ಪೆ ಎನಿಸಿತು, ವಿಮರ್ಶಕರು ಯಾಕೆ ಮೆಚ್ಚಿದರು ಎಂದು ಕೇಳಿದ್ದೀರಿ. ಸಪ್ಪೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಈ ಗ್ಯಾರೇಜ್ ರಾಕ್ (ಒರಟು, ಗದ್ದಲದ ರಾಕ್) ಗಾಯಕ ಮೂರು ಆಲ್ಬಂ ತಂದಿದ್ದರು. ‘ಸ್ಲಾಟರ್‌ಹೌಸ್’ ಅಂತೂ ಗೋಡೆ ನಡುಗಿಸುವಂಥದ್ದು. ಆ ವರ್ಷದ ಕೊನೆಗೆ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು, ತಾಯಿಯೊಡನೆ ಸಂಬಂಧ ಮುರಿಯಿತು. 2013ರ ಆಗಸ್ಟ್‌ನಲ್ಲಿ ಬಂದ ‘ಸ್ಲೀಪರ್’ ಆ ನೋವಿನ ಕೂಸು. ಹೆಚ್ಚುಕಡಿಮೆ ಪೂರ್ತಿ ಅಕೌಸ್ಟಿಕ್ (ವಿದ್ಯುತ್ ಬಳಸದ) ಗಿಟಾರ್. ಮರೆಮಾಚದ ಆ ದುಃಖವೇ ವಿಮರ್ಶಕರನ್ನು ತಟ್ಟಿದ್ದು. ‘ದಿ ಮ್ಯಾನ್ ಮ್ಯಾನ್’ ಹಾಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಒಮ್ಮೆ ಭುಗಿಲೇಳುತ್ತದೆ, ಅದುಮಿಟ್ಟ ಅಳು ಕಟ್ಟೆಯೊಡೆದಂತೆ. ದಯವಿಟ್ಟು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಮೊದಲು ಕೇಳಿ.